ಪರ್ಷಿಯನ್ ಬೆಕ್ಕಿನ ಎರಡೂ ಕಿಡ್ನಿಯಲ್ಲಿ ಸಿಸ್ಟ್. ಬ್ರೀಡರ್ ಒಪ್ಪುತ್ತಿಲ್ಲ, ಏನು ಮಾಡಲಿ?

ಠಾಣೆ_ಮೀಟುವಿನ_ಅಮ್ಮ
ಎಲ್ಲರಿಗೂ ನಮಸ್ಕಾರ. ಮುಂಬೈ, ಪುಣೆ ಕಡೆ ಬೆಕ್ಕು ಸಾಕಿರುವ ಕನ್ನಡದವರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ನಮ್ಮ ಮೀಟು ಪರ್ಷಿಯನ್, ಹೆಣ್ಣು, ಡಾಲ್ ಫೇಸ್, ಐದು ವರ್ಷ. ಮರಿ ಆಗದ ಹಾಗೆ ಆಪರೇಶನ್ ಆಗಿದೆ. ಇತ್ತೀಚೆಗೆ ನೀರು ಜಾಸ್ತಿ ಕುಡಿಯುತ್ತಿತ್ತು. ಸೆಕೆಗೆ ಇರಬೇಕು ಅಂದರು ಮನೆಯವರು. ಆದರೆ ಲಿಟರ್ ಬಾಕ್ಸಿನಲ್ಲಿ ಉಂಡೆಗಳು ದಿನಾ ದೊಡ್ಡದಾಗುತ್ತಿದ್ದವು, ತೂಕವೂ ಇಳಿದಿತ್ತು. ಡಾಕ್ಟರ್ ರಕ್ತ ತೆಗೆದರು, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ 2.4. ಹೊಟ್ಟೆ ಬೋಳಿಸಿ ಸೋನೋಗ್ರಫಿ ಮಾಡಿದಾಗ ಎರಡೂ ಕಿಡ್ನಿಯಲ್ಲಿ ಕಪ್ಪು ಕಪ್ಪು ಗುಂಡು. ಇದು ಪಿಕೆಡಿ, ಅಂದರೆ ಪಾಲಿಸಿಸ್ಟಿಕ್ ಕಿಡ್ನಿ ಡಿಸೀಸ್, ಕಿಡ್ನಿ ತುಂಬಾ ಸಿಸ್ಟ್ ಆಗುವ ಕಾಯಿಲೆ, ಹುಟ್ಟಿನಿಂದಲೇ ಬಂದದ್ದು ಅಂದರು.

ಮರಿ ಕೊಟ್ಟ ಬ್ರೀಡರ್‌ಗೆ ಫೋನ್ ಮಾಡಿದೆ. "ನೀವು ಒಣ ಫುಡ್ ಹಾಕಿದ್ದೀರಿ, ಅದಕ್ಕೇ ಹೀಗಾಗಿದೆ. ನಮ್ಮ ಬೆಕ್ಕುಗಳ ಲೈನ್ (ವಂಶ) ಕ್ಲೀನ್, ಪೇಪರ್ಸ್ ಇದೆ" ಅಂದು ಇಟ್ಟುಬಿಟ್ಟರು. ಅದೇ ತಾಯಿಯ ಹೊಸ ಮರಿಗಳ ಫೋಟೊ ಮೊನ್ನೆ ಹಾಕಿದ್ದಾರೆ, ಬುಕಿಂಗ್ ಶುರು ಅಂತ.

ನನ್ನ ಪ್ರಶ್ನೆ: ಊಟದಿಂದ ಇದು ಬರುತ್ತದಾ? ತಾಯಿಗೂ ಇದ್ದೇ ಇರುತ್ತದಾ? ಮೀಟುವಿನ ಅಣ್ಣ ಮುಲುಂಡಿನಲ್ಲಿ ಒಬ್ಬರ ಮನೆಯಲ್ಲಿದ್ದಾನೆ, ನನಗೆ ಪರಿಚಯ. ಆಟವಾಡಿಕೊಂಡು ಚೆನ್ನಾಗಿದ್ದಾನೆ. ಅವರಿಗೆ ಹೇಳಿ ಸುಮ್ನೆ ಹೆದರಿಸಬೇಕಾ?

ಬೋರಿವಲಿ_ಬೆಕ್ಕಪ್ಪ
ಒಣ ಫುಡ್‌ನಿಂದ ಸಿಸ್ಟ್ ಬರುವುದಿಲ್ಲ. ಬ್ರೀಡರ್ ಹೇಳಿದ್ದು ಬರೀ ಬೊಗಳೆ. ಮುಲುಂಡಿನವರಿಗೆ ಇವತ್ತೇ ಹೇಳಿ.

ಪುತ್ತೂರು_ಟು_ಡೊಂಬಿವಲಿ
ಅಯ್ಯೋ ಪಾಪ ಮೀಟು. ನಮ್ಮ ಕಡೆ ಮೂತ್ರದ ತೊಂದರೆಗೆ ಬಾಳೆದಿಂಡಿನ ರಸ ಕೊಡುತ್ತಾರೆ, ಕಿಡ್ನಿ ಕಲ್ಲು ಕರಗುತ್ತದೆ ಅನ್ನುತ್ತಾರೆ. ಒಂದು ಚಮಚ ಕೊಟ್ಟು ನೋಡಬಹುದಲ್ವಾ?

ಪರೇಲ್_ವೆಟ್_ವಿದ್ಯಾರ್ಥಿ
ಅಕ್ಕ, ದಯವಿಟ್ಟು ಬೇಡ. ಕಲ್ಲು ಬೇರೆ, ಸಿಸ್ಟ್ ಬೇರೆ. ಸಿಸ್ಟ್ ಅಂದರೆ ನೀರು ತುಂಬಿದ ಚೀಲ, ಯಾವ ರಸಕ್ಕೂ ಕರಗುವುದಿಲ್ಲ. ಕಿಡ್ನಿ ಸೋತ ಬೆಕ್ಕಿನ ರಕ್ತದಲ್ಲಿ ಪೊಟ್ಯಾಶಿಯಂ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ಅದನ್ನು ನೋಡದೆ ಬಾಳೆದಿಂಡು, ಎಳನೀರು ಯಾವುದೂ ಹಾಕಬಾರದು.

ಮೀಟುವಿನ ಅಮ್ಮ ಕೇಳಿದ್ದಕ್ಕೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ.

ಪಿಕೆಡಿ1 ಅನ್ನುವ ಜೀನ್‌ನಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರದ ತಪ್ಪು. ಅದರಿಂದ ಆ ಜೀನ್ ಮಾಡಬೇಕಾದ ಪ್ರೋಟೀನ್ ಅರ್ಧಕ್ಕೇ ನಿಂತುಬಿಡುತ್ತದೆ. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಲೆಸ್ಲಿ ಲಯನ್ಸ್ ಅವರ ತಂಡ ಈ ತಪ್ಪನ್ನು ಹಿಡಿದು 2004ರಲ್ಲಿ ಪ್ರಕಟಿಸಿತು. ಸಿಸ್ಟ್‌ಗಳು ಮರಿ ಹುಟ್ಟಿದಾಗಲೇ ಇರುತ್ತವೆ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ. ವರ್ಷ ಕಳೆದ ಹಾಗೆ ಹಿಗ್ಗುತ್ತವೆ. ಕೊನೆಗೆ ಕಿಡ್ನಿ ದ್ರಾಕ್ಷಿ ಗೊಂಚಲಿನ ಹಾಗೆ ಆಗಿ, ಕೆಲಸ ಮಾಡುವ ಭಾಗಕ್ಕೆ ಜಾಗವೇ ಉಳಿಯುವುದಿಲ್ಲ. ಲಕ್ಷಣ ಕಾಣುವುದು ಸಾಮಾನ್ಯವಾಗಿ 3ರಿಂದ 10 ವರ್ಷದೊಳಗೆ, ಸರಾಸರಿ 7. ಅದಕ್ಕೇ ಮುಲುಂಡಿನ ಅಣ್ಣ ಚೆನ್ನಾಗಿ ಆಡುತ್ತಿದ್ದಾನೆ ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಕ್ರಿಯಾಟಿನಿನ್ ಏರುವಷ್ಟರಲ್ಲಿ ಕಿಡ್ನಿಯ ನೂರಕ್ಕೆ 75ರಷ್ಟು ಕೆಲಸ ಹೋಗಿರುತ್ತದೆ. ಎಸ್‌ಡಿಎಂಎ ಅಂತ ಇನ್ನೊಂದು ರಕ್ತಪರೀಕ್ಷೆ ಸ್ವಲ್ಪ ಮೊದಲೇ ಸುಳಿವು ಕೊಡುತ್ತದೆ.

ಮೀಟುವಿಗೆ ಬಂದಿದೆ ಅಂದರೆ ತಾಯಿ ಅಥವಾ ತಂದೆ, ಇಬ್ಬರಲ್ಲಿ ಒಬ್ಬರಿಗಾದರೂ ಇದೆ. ತಾಯಿಯೇ ಅಂತ ಹೇಳಲು ಆಗುವುದಿಲ್ಲ.

ಮಾಟುಂಗಾ_ಮಾಮ
ಥಲಸ್ಸೀಮಿಯಾ ಥರ ಅಲ್ವಾ ಇದು? ಅಪ್ಪ ಅಮ್ಮ ಇಬ್ಬರೂ ಕ್ಯಾರಿಯರ್ ಆಗಿದ್ದರೆ ಮಾತ್ರ ಮಗುವಿಗೆ ಬರುವುದು. ಹಾಗಾದರೆ ಬ್ರೀಡರ್‌ಗೆ ಗೊತ್ತೇ ಇಲ್ಲದಿರಬಹುದು. ಪಾಪ ಅವನನ್ನು ಯಾಕೆ ಬೈಯುವುದು?

ಪರೇಲ್_ವೆಟ್_ವಿದ್ಯಾರ್ಥಿ
ಇಲ್ಲ ಮಾಮ, ಇದು ಉಲ್ಟಾ. ಥಲಸ್ಸೀಮಿಯಾದಲ್ಲಿ ಎರಡೂ ಕಡೆಯಿಂದ ಕೆಟ್ಟ ಜೀನ್ ಬರಬೇಕು. ಇಲ್ಲಿ ಒಂದು ಕಡೆಯಿಂದ ಬಂದರೆ ಸಾಕು, ಕಾಯಿಲೆ ಗ್ಯಾರಂಟಿ. ಸುಮ್ಮನೆ ಹೊತ್ತುಕೊಂಡು ತಾನು ಮಾತ್ರ ಆರಾಮಾಗಿರುವ ಕ್ಯಾರಿಯರ್ ಅನ್ನುವುದೇ ಇಲ್ಲ. ಒಂದು ಬೆಕ್ಕಿಗೆ ಇದ್ದು ಇನ್ನೊಂದು ಕ್ಲೀನ್ ಆಗಿದ್ದರೆ ಪ್ರತಿ ಮರಿಗೂ ಅರ್ಧಕ್ಕರ್ಧ ಸಾಧ್ಯತೆ. ಎರಡಕ್ಕೂ ಇದ್ದರೆ, ಎರಡೂ ಕೆಟ್ಟ ಪ್ರತಿ ಬಂದ ಪಿಂಡ ಹೊಟ್ಟೆಯಲ್ಲೇ ಉಳಿಯುವುದಿಲ್ಲ ಅಂತ ಈಗಿನ ತಿಳಿವಳಿಕೆ. ಹುಟ್ಟಿದ ಮರಿಗಳಲ್ಲಿ ಸರಾಸರಿ ಮೂರರಲ್ಲಿ ಎರಡಕ್ಕೆ ಕಾಯಿಲೆ ಇರುತ್ತದೆ.

ಒಂದು ತಲೆಮಾರು ಬಿಟ್ಟು ಇನ್ನೊಂದಕ್ಕೆ ಹಾರುವುದೂ ಇಲ್ಲ.

ಮಾಟುಂಗಾ_ಮಾಮ
ಓಹೋ. ಸರಿ ಹಾಗಾದರೆ, ಬೈಯಬಹುದು.

ವಾಶಿ_ಕ್ಯಾಟರಿ
ಸ್ವಲ್ಪ ನಿಲ್ಲಿ. ನಾನೂ ಬ್ರೀಡರ್, ಮೀಟುವನ್ನು ಕೊಟ್ಟವನು ನಾನಲ್ಲ. ಇಲ್ಲಿ ಎಲ್ಲರಿಗೂ ಬ್ರೀಡರ್ ಅಂದರೆ ಕಳ್ಳ ಅಂತ ಆಗಿದೆ. ಗಿರಾಕಿ ಬಂದು ಕೇಳುವುದು ಏನು ಗೊತ್ತಾ? ಪಂಚ್ ಫೇಸ್ (ಚಪ್ಪಟೆ ಮುಖ) ಇದೆಯಾ, ಟ್ರಿಪಲ್ ಕೋಟ್ (ದಟ್ಟ ಕೂದಲು) ಇದೆಯಾ, ಕಣ್ಣು ನೀಲಿ ಇದೆಯಾ, ಎಷ್ಟು ಕಡಿಮೆ ಮಾಡುತ್ತೀರಿ. ಕಿಡ್ನಿ ರಿಪೋರ್ಟ್ ತೋರಿಸಿ ಅಂತ ಕೇಳಿದವರನ್ನು ನಾನು ಕಂಡಿಲ್ಲ. ಟೆಸ್ಟ್ ಮಾಡಿಸಿ ಅದರ ಖರ್ಚು ಮರಿಯ ರೇಟಿಗೆ ಸೇರಿಸಿದರೆ, ಕುರ್ಲಾದಲ್ಲಿ ಅರ್ಧಕ್ಕೆ ಸಿಗುತ್ತದೆ ಅಂತ ಎದ್ದು ಹೋಗುತ್ತಾರೆ.

ಇನ್ನೊಂದು ಮಾತು. ಪಾಸಿಟಿವ್ ಬಂದ ಬೆಕ್ಕನ್ನೆಲ್ಲ ಒಂದೇ ಸಲ ಬ್ರೀಡಿಂಗ್‌ನಿಂದ ತೆಗೆದರೆ ಒಳ್ಳೆಯ ಲೈನ್‌ಗಳೂ ಹೋಗುತ್ತವೆ. ಉಳಿದ ನಾಲ್ಕು ಬೆಕ್ಕುಗಳನ್ನೇ ಒಂದಕ್ಕೊಂದು ಹಾಕುತ್ತಾ ಹೋದರೆ ಬೇರೆ ಕಾಯಿಲೆ ಬರುತ್ತದೆ. ಪಾಸಿಟಿವ್ ಬೆಕ್ಕನ್ನು ನೆಗೆಟಿವ್ ಜೊತೆ ಮೇಟಿಂಗ್ ಮಾಡಿಸಿ, ನೆಗೆಟಿವ್ ಮರಿಯನ್ನು ಮುಂದಕ್ಕೆ ಇಟ್ಟುಕೊಳ್ಳಬಹುದು. ವಿದೇಶದಲ್ಲೂ ಹೀಗೆ ಮಾಡುವವರಿದ್ದಾರೆ.

ಬೋರಿವಲಿ_ಬೆಕ್ಕಪ್ಪ
ಮತ್ತೆ ಅದೇ ಹೆರಿಗೆಯ ಪಾಸಿಟಿವ್ ಮರಿಗಳನ್ನು ಏನು ಮಾಡುತ್ತೀರಿ ಸರ್? ಅವೂ ಮುದ್ದಾಗೇ ಇರುತ್ತವೆ. ಅವನ್ನೂ ಪೂರ್ತಿ ರೇಟಿಗೆ ಮಾರುತ್ತೀರಿ, ಐದು ವರ್ಷ ಆದಮೇಲೆ ಅಳುವವರು ನಾವು.

ವಾಶಿ_ಕ್ಯಾಟರಿ
ಹೇಳಿ ಕೊಡುತ್ತೇನೆ. ಆಪರೇಶನ್ ಮಾಡಿಸಿ, ಕಡಿಮೆಗೆ, ರಿಪೋರ್ಟ್ ಸಮೇತ.

ಬೋರಿವಲಿ_ಬೆಕ್ಕಪ್ಪ
ಇಲ್ಲಿಯವರೆಗೆ ಎಷ್ಟು ರಿಪೋರ್ಟ್ ಕೊಟ್ಟಿದ್ದೀರಿ?

ವಾಶಿ_ಕ್ಯಾಟರಿ
ನನ್ನ ಸ್ಟಡ್‌ದು, ಅಂದರೆ ಮೇಟಿಂಗ್‌ಗೆ ಇಟ್ಟ ಗಂಡಿನದು ಇದೆ. ಹೆಣ್ಣುಗಳದು ಈ ವರ್ಷ ಮಾಡಿಸುತ್ತಿದ್ದೇನೆ. ನಿಮಗೆ ಬರೀ ಜಗಳ ಬೇಕು.

ಪುಣೆ_ಧಾರವಾಡದಾಂವ
ಜಗಳ ಬಿಡ್ರಿ. ಸ್ಟಡ್‌ನಿಂದ ಶುರು ಮಾಡಿದ್ದು ಸರಿಯಾಗಿಯೇ ಇದೆ. ಹೆಣ್ಣು ವರ್ಷಕ್ಕೆ ಒಂದೋ ಎರಡೋ ಸಲ ಮರಿ ಹಾಕುತ್ತದೆ. ಗಂಡು ಬೇರೆ ಬೇರೆ ಮನೆಯ ಹೆಣ್ಣುಗಳಿಗೆ ಹೋಗುತ್ತದೆ. ಅದಕ್ಕೆ ಕಾಯಿಲೆ ಇದ್ದರೆ ಊರೆಲ್ಲ ಹಂಚಿದ ಹಾಗೇ.

ಮೀಟುವಿನ ಅಮ್ಮನಿಗೆ ನನ್ನ ಅನುಭವ ಹೇಳುತ್ತೇನೆ. ನಮ್ಮದು ಹಿಮಾಲಯನ್, ಕೋಥ್ರೂಡಿನ ಮನೆಯಲ್ಲೇ ಬೆಳೆದದ್ದು. ಏಳು ವರ್ಷಕ್ಕೆ ಸಿಸ್ಟ್ ಕಂಡಿತು, ಹದಿಮೂರರವರೆಗೆ ಬದುಕಿತ್ತು. ಎಲ್ಲ ಬೆಕ್ಕಿಗೂ ಹೀಗೇ ಆಗುತ್ತದೆ ಅಂತ ಹೇಳುವುದಿಲ್ಲ. ಕೆಲವದಕ್ಕೆ ಬೇಗ ಹಿಗ್ಗುತ್ತದೆ, ಕೆಲವು ಅದರ ಜೊತೆಗೇ ಮುದಿಯಾಗುತ್ತವೆ. ಯಾವುದು ಹೇಗೆ ಅಂತ ಮೊದಲೇ ಹೇಳಲು ಬರುವುದಿಲ್ಲ. ನಮ್ಮ ಡಾಕ್ಟರ್ ಒತ್ತಿ ಹೇಳಿದ್ದು ಬಿಪಿ. ಬೆಕ್ಕಿಗೂ ಬಿಪಿ ಏರುತ್ತದೆ, ಏರಿದರೆ ಒಂದು ದಿನ ಇದ್ದಕ್ಕಿದ್ದಂತೆ ಕಣ್ಣು ಕಾಣದೆ ಹೋಗಬಹುದು. ಬಾಲಕ್ಕೋ ಮುಂಗಾಲಿಗೋ ಸಣ್ಣ ಪಟ್ಟಿ ಕಟ್ಟಿ ನೋಡುತ್ತಾರೆ. ನಮ್ಮದಕ್ಕೆ ಆಮ್ಲೊಡಿಪಿನ್ ಶುರು ಮಾಡಿದರು, ನನ್ನ ತಂದೆಯದೂ ಅದೇ ಗುಳಿಗೆ. ಬೆಕ್ಕಿನದು ಚೂರು, ಅಷ್ಟೇ ವ್ಯತ್ಯಾಸ. ಹಾಗಂತ ಮನೆಯಲ್ಲಿರುವ ಗುಳಿಗೆ ಮುರಿದು ಹಾಕಬೇಡಿ ಮತ್ತೆ, ಡಾಕ್ಟರ್ ಅಳತೆ ಹೇಳಬೇಕು.

ಆಮೇಲೆ ಮನೆಯಲ್ಲೇ ಸಲೈನ್. ಭುಜದ ಮೇಲಿನ ಸಡಿಲ ಚರ್ಮ ಎತ್ತಿ, ಅದರ ಕೆಳಗೆ ಸೂಜಿ. ಮೊದಲು ನನ್ನ ಕೈ ನಡುಗಿತು, ನಮ್ಮಾಕೆ ಆರಾಮಾಗಿ ಹಾಕಿದಳು. ಬಾಟಲಿಯನ್ನು ಪರದೆಯ ಕೊಕ್ಕೆಗೆ ನೇತುಹಾಕಿ, ಬಿಸಿನೀರಿನ ಪಾತ್ರೆಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿಕೊಂಡರೆ ಬೆಕ್ಕು ಗಲಾಟೆ ಮಾಡುವುದಿಲ್ಲ.

ಠಾಣೆ_ಮೀಟುವಿನ_ಅಮ್ಮ
ತುಂಬಾ ಥ್ಯಾಂಕ್ಸ್ ಸರ್. ನಮ್ಮ ಡಾಕ್ಟರ್ ಬಿಪಿ ನೋಡಿಲ್ಲ, ನಾಳೆ ಕೇಳುತ್ತೇನೆ. ಸಲೈನ್ ಈಗಲೇ ಬೇಕಾ?

ಪರೇಲ್_ವೆಟ್_ವಿದ್ಯಾರ್ಥಿ
ಈಗಲೇ ಬೇಕಾಗದೆ ಇರಬಹುದು. ಬೆಕ್ಕಿನ ಕಿಡ್ನಿ ಕಾಯಿಲೆಗೆ ನಾಲ್ಕು ಹಂತ ಮಾಡಿದ್ದಾರೆ. ಕ್ರಿಯಾಟಿನಿನ್ 1.6ರಿಂದ 2.8ರವರೆಗೆ ಎರಡನೇ ಹಂತ. 2.9ರಿಂದ 5 ಮೂರನೆಯದು, ಅದಕ್ಕಿಂತ ಮೇಲೆ ನಾಲ್ಕು. ಮೀಟು ಎರಡರಲ್ಲಿದೆ. ಆದರೆ ಒಂದೇ ರಿಪೋರ್ಟ್ ನೋಡಿ ಹಂತ ಹೇಳಬಾರದು, ನೀರಿನಂಶ ಸರಿ ಇರುವಾಗ ಇನ್ನೊಮ್ಮೆ ನೋಡಬೇಕು. ಎರಡನೇ ಹಂತದಿಂದಲೇ ರೀನಲ್ ಡಯಟ್, ಅಂದರೆ ಕಿಡ್ನಿ ಕಾಯಿಲೆಯ ಬೆಕ್ಕಿಗೆ ಅಂತಲೇ ಮಾಡಿದ ಫುಡ್, ಶುರು ಮಾಡುತ್ತಾರೆ. ಅದರಲ್ಲಿ ರಂಜಕ ಕಡಿಮೆ. ಮೂತ್ರದಲ್ಲಿ ಪ್ರೋಟೀನ್ ಎಷ್ಟು ಹೋಗುತ್ತಿದೆ ಅಂತಲೂ ನೋಡಿಸಿ.

ಇದಕ್ಕೆ ವಾಸಿ ಮಾಡುವ ಔಷಧಿ ಇಲ್ಲ. ಸಿಸ್ಟ್ ಬೆಳೆಯುವುದನ್ನು ನಿಲ್ಲಿಸಲು ಆಗುವುದಿಲ್ಲ. ಉಳಿದ ಕಿಡ್ನಿಯ ಮೇಲೆ ಹೊರೆ ಕಡಿಮೆ ಮಾಡುವುದು, ವಾಂತಿ ನಿಲ್ಲಿಸುವುದು, ತಿನ್ನುವ ಹಾಗೆ ಮಾಡುವುದು, ಇಷ್ಟೇ ನಮ್ಮ ಕೈಯಲ್ಲಿರುವುದು.

ವಾಸ್ಕೋ_ವಾಸಿ
ನಮ್ಮ ಗೋವಾದಲ್ಲಿ ಬೆಕ್ಕಿಗೆ ದಿನಾ ಬಂಗುಡೆ, ತಾರ್ಲೆ. ರೀನಲ್ ಫುಡ್ ಇಟ್ಟರೆ ಮುಖ ತಿರುಗಿಸಿ ಹೋಗುತ್ತದೆ. ಮೀನು ಪೂರ್ತಿ ಬಿಡಬೇಕಾ?

ಪುತ್ತೂರು_ಟು_ಡೊಂಬಿವಲಿ
ತಾರ್ಲೆ ಅಂದರೆ ನಮ್ಮ ಬೂತಾಯಿ ಅಲ್ವಾ? ಇಲ್ಲಿ ಸಿಗುವುದು ಬರೀ ಐಸ್ ಹಾಕಿದ್ದು, ರುಚಿಯೇ ಇಲ್ಲ.

ವಾಸ್ಕೋ_ವಾಸಿ
ಅದೇ ಅಕ್ಕ. ಬನ್ನಿ ಈ ಕಡೆ, ತಾಜಾ ತಿನ್ನಿಸುತ್ತೇವೆ.

ಪರೇಲ್_ವೆಟ್_ವಿದ್ಯಾರ್ಥಿ
ಕಿಡ್ನಿ ಚೆನ್ನಾಗಿರುವ ಬೆಕ್ಕಿಗೆ ಸ್ವಲ್ಪ ಮೀನು ಪರವಾಗಿಲ್ಲ. ಕಾಯಿಲೆ ಇದ್ದರೆ ಮುಳ್ಳು ಸಮೇತ ತಾರ್ಲೆ ಬೇಡ, ಮುಳ್ಳಿನಲ್ಲಿ ರಂಜಕ ಜಾಸ್ತಿ. ಒಣಮೀನು ಬೇಡವೇ ಬೇಡ, ಪೂರ್ತಿ ಉಪ್ಪು. ಹೊಸ ಫುಡ್ಡನ್ನು ಹಳೆಯದರ ಜೊತೆ ಸ್ವಲ್ಪ ಸ್ವಲ್ಪ ಬೆರೆಸಿ, ಕೆಲವು ವಾರ ಹಿಡಿಯುತ್ತದೆ. ಒಪ್ಪದಿದ್ದರೆ ಹಸಿವಿನಿಂದ ತಿನ್ನುತ್ತದೆ ಅಂತ ಕಾಯಬೇಡಿ. ಬೆಕ್ಕು ಎರಡು ಮೂರು ದಿನ ಉಪವಾಸ ಇದ್ದರೆ ಲಿವರ್ ಕೆಡುತ್ತದೆ, ದಪ್ಪ ಬೆಕ್ಕಾದರೆ ಇನ್ನೂ ಬೇಗ. ಏನೂ ತಿನ್ನದೆ ಇರುವುದಕ್ಕಿಂತ ಹಳೆಯ ಫುಡ್ಡನ್ನೇ ತಿನ್ನುವುದು ಮೇಲು. ಆಗ ರಂಜಕ ಹಿಡಿದಿಡುವ ಪುಡಿಯನ್ನು ಊಟದಲ್ಲಿ ಬೆರೆಸಲು ಡಾಕ್ಟರ್ ಬರೆದುಕೊಡಬಹುದು.

ಮುಲುಂಡ್_ಮಂಗಳೂರಿಗ
ಇದಕ್ಕೇ ನಾನು ಹೇಳುವುದು, ನಮ್ಮ ಕಟ್ಟಡದ ಕೆಳಗಿನ ಬೀದಿಬೆಕ್ಕು ತಂದು ಸಾಕಿ ಅಂತ. ದುಡ್ಡು ಕೊಟ್ಟು ಕಾಯಿಲೆ ತರುವುದು ಯಾಕೆ? ಚಪ್ಪಟೆ ಮೂಗು, ಯಾವಾಗಲೂ ಒಸರುವ ಕಣ್ಣು, ಈ ಸೆಕೆಯಲ್ಲಿ ಅಷ್ಟು ಕೂದಲು. ಅದಕ್ಕೂ ಕಷ್ಟ, ನಿಮಗೂ ಕಷ್ಟ.

ಠಾಣೆ_ಮೀಟುವಿನ_ಅಮ್ಮ
ಈಗ ಮೀಟುವನ್ನು ವಾಪಸ್ ಕೊಡಲಾ ಹಾಗಾದರೆ?

ಮುಲುಂಡ್_ಮಂಗಳೂರಿಗ
ಅಯ್ಯೋ ಹಾಗಲ್ಲ ಅಕ್ಕ. ಮುಂದೆ ತರುವವರಿಗೆ ಹೇಳಿದ್ದು. ಮೀಟು ಚೆನ್ನಾಗಿರಲಿ.

ಪರೇಲ್_ವೆಟ್_ವಿದ್ಯಾರ್ಥಿ
ಬೀದಿಬೆಕ್ಕಿಗೂ ವಯಸ್ಸಾದಮೇಲೆ ಕಿಡ್ನಿ ಕಾಯಿಲೆ ಬರುತ್ತದೆ, ತುಂಬಾ ಸಾಮಾನ್ಯ. ಆದರೆ ಈ ಆನುವಂಶಿಕ ಸಿಸ್ಟ್ ಮುಖ್ಯವಾಗಿ ಪರ್ಷಿಯನ್‌ಗೆ ಮತ್ತು ಪರ್ಷಿಯನ್ ರಕ್ತ ಬೆರೆತ ತಳಿಗಳಿಗೆ. ಎಕ್ಸಾಟಿಕ್ ಶಾರ್ಟ್‌ಹೇರ್, ಹಿಮಾಲಯನ್, ಬ್ರಿಟಿಷ್ ಶಾರ್ಟ್‌ಹೇರ್, ಸ್ಕಾಟಿಷ್ ಫೋಲ್ಡ್ ಎಲ್ಲ ಆ ಪಟ್ಟಿಯಲ್ಲಿವೆ. ಜೀನ್ ಟೆಸ್ಟ್ ಬರುವ ಮೊದಲು ಬೇರೆ ಬೇರೆ ದೇಶಗಳಲ್ಲಿ ಸ್ಕ್ಯಾನ್ ಮಾಡಿದಾಗ ನೂರು ಪರ್ಷಿಯನ್‌ಗಳಲ್ಲಿ ಸುಮಾರು 36ರಿಂದ 49ಕ್ಕೆ ಸಿಸ್ಟ್ ಕಂಡಿತ್ತು. ನಮ್ಮಲ್ಲಿ ಪರ್ಷಿಯನ್ ಅಂತ ಮಾರುವವು ಎಷ್ಟೋ ಮಿಶ್ರ, ಅವೂ ಹೊರತಲ್ಲ. ಒಂದು ಕಡೆಯಿಂದ ಬಂದರೆ ಸಾಕು ಅಂದೆನಲ್ಲ, ಅರ್ಧ ಪರ್ಷಿಯನ್ ಆದರೂ ಅಪಾಯ ಇದ್ದೇ ಇದೆ.

ಅಬಿಸಿನಿಯನ್‌ಗೆ ಬೇರೆ ಥರದ ಕಿಡ್ನಿ ಕಾಯಿಲೆ ಇದೆ, ಅಮಿಲಾಯ್ಡೋಸಿಸ್. ಅಲ್ಲಿ ಸಿಸ್ಟ್ ಅಲ್ಲ, ಒಂದು ಥರದ ಪ್ರೋಟೀನ್ ಕಿಡ್ನಿಯಲ್ಲಿ ತುಂಬಿಕೊಳ್ಳುತ್ತದೆ. ಮೇನ್ ಕೂನ್‌ಗೆ ಹೃದಯದ ಸಮಸ್ಯೆ. ಪ್ರತಿ ತಳಿಗೂ ಒಂದೊಂದು.

ಘಾಟ್ಕೋಪರ್_ಗೌಡ
ನಮ್ಮ ಚಿಕ್ಕಪ್ಪನಿಗೆ ಇದೇ ಕಾಯಿಲೆ. ಪಾಲಿಸಿಸ್ಟಿಕ್ ಕಿಡ್ನಿ. ಅಜ್ಜಿಗೂ ಇತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಬೆಕ್ಕಿಗೆ ಬರುವುದೂ ಇದೇನಾ, ಅಥವಾ ಹೆಸರು ಮಾತ್ರ ಒಂದಾ?

ಪರೇಲ್_ವೆಟ್_ವಿದ್ಯಾರ್ಥಿ
ಮನುಷ್ಯರಲ್ಲಿ ಹೆಚ್ಚಿನವರಿಗೆ ಇದೇ ಪಿಕೆಡಿ1 ಜೀನ್ ಕೆಟ್ಟಿರುತ್ತದೆ, ಕೆಲವರಿಗೆ ಪಿಕೆಡಿ2. ತಲೆಮಾರಿನಿಂದ ತಲೆಮಾರಿಗೆ ಬರುವ ರೀತಿಯೂ ಒಂದೇ, ಅರ್ಧಕ್ಕರ್ಧ. ಬೆಕ್ಕಿನಿಂದ ಮನುಷ್ಯರಿಗೆ ಅಂಟುವುದಿಲ್ಲ, ಯಾರಾದರೂ ಹೆದರಿದ್ದರೆ ಅಂತ ಹೇಳಿದೆ. ಸರ್, ನೀವೂ ಒಂದು ಸ್ಕ್ಯಾನ್ ಮಾಡಿಸಿದ್ದೀರಾ?

ಘಾಟ್ಕೋಪರ್_ಗೌಡ
ನಮ್ಮ ತಂದೆಗೆ ನೋಡಿಸಿದ್ದೇವೆ, ಇಲ್ಲ ಅಂದಿದ್ದಾರೆ. ಚಿಕ್ಕಪ್ಪನ ಮಕ್ಕಳು ಮಾತ್ರ ಇನ್ನೂ ಮಾಡಿಸಿಲ್ಲ. ಮದುವೆ ಮಾತುಕತೆ ನಡೆಯುತ್ತಿದೆ, ಈಗ ಬೇಡ ಅಂತ ಚಿಕ್ಕಮ್ಮ. ಬ್ರೀಡರ್‌ಗೆ ಮಾತ್ರ ಯಾಕೆ ಬೈಯುವುದು ಹೇಳಿ.

ಮಾಟುಂಗಾ_ಮಾಮ
ಈ ಮಾತಿಗೆ ಒಂದು ಲೈಕ್.

ಡೊಂಬಿವಲಿ_ಡೈರಿ
ಡಿಎನ್‌ಎ ಟೆಸ್ಟಾ, ಸೋನೋಗ್ರಫಿಯಾ? ನಮ್ಮ ಮರಿಗೆ ಈಗ ಮೂರು ತಿಂಗಳು. ಇದೆಲ್ಲ ಓದಿ ರಾತ್ರಿ ನಿದ್ದೆ ಬಂದಿಲ್ಲ.

ವಾಶಿ_ಕ್ಯಾಟರಿ
ಮೂರು ತಿಂಗಳಿಗೆ ಡಿಎನ್‌ಎ. ಕೆನ್ನೆಯ ಒಳಗೆ ಬ್ರಷ್ ಉಜ್ಜಿ ಲ್ಯಾಬಿಗೆ ಕಳಿಸುವುದು, ರಕ್ತವೂ ಆಗುತ್ತದೆ. ಮರಿ ಇನ್ನೂ ತಾಯಿಯ ಹಾಲು ಕುಡಿಯುತ್ತಿದ್ದರೆ ಸ್ವಲ್ಪ ಹೊತ್ತು ಬೇರೆ ಇಟ್ಟು ಉಜ್ಜಬೇಕು. ಇಲ್ಲದಿದ್ದರೆ ತಾಯಿಯ ಜೀವಕೋಶ ಬಾಯಲ್ಲಿ ಉಳಿದು ರಿಪೋರ್ಟ್ ಗೊಂದಲ ಆಗುತ್ತದೆ. ರಿಪೋರ್ಟಿನ ಮೇಲೆ ಬೆಕ್ಕಿನ ಮೈಕ್ರೋಚಿಪ್ ನಂಬರ್ ಇದೆಯಾ ನೋಡಿ. ಬೇರೆ ಬೆಕ್ಕಿನ ರಿಪೋರ್ಟ್ ತೋರಿಸುವವರೂ ಇದ್ದಾರೆ, ನಮ್ಮವರೇ.

ಬೋರಿವಲಿ_ಬೆಕ್ಕಪ್ಪ
ಈಗ ಸರಿಯಾಗಿ ಮಾತಾಡಿದಿರಿ ಸರ್.

ಪರೇಲ್_ವೆಟ್_ವಿದ್ಯಾರ್ಥಿ
ವಾಶಿಯವರು ಹೇಳಿದ್ದು ಸರಿ. ಸ್ಕ್ಯಾನ್‌ನಲ್ಲಿ ಸಣ್ಣ ಮರಿಯ ಸಿಸ್ಟ್ ತಪ್ಪಿಹೋಗಬಹುದು. ಹತ್ತು ತಿಂಗಳು ದಾಟಿದಮೇಲೆ, ಅನುಭವ ಇರುವವರು ಮಾಡಿದರೆ, ನೂರಕ್ಕೆ 98ರಷ್ಟು ನಂಬಬಹುದು. ಡಿಎನ್‌ಎ ಯಾವ ವಯಸ್ಸಿಗಾದರೂ ಆಗುತ್ತದೆ. ಆದರೆ ಅದು ಆ ಒಂದು ತಪ್ಪನ್ನು ಮಾತ್ರ ಹುಡುಕುತ್ತದೆ. ನೆಗೆಟಿವ್ ಬಂದರೆ ಕಿಡ್ನಿಗೆ ಜೀವನಪೂರ್ತಿ ಏನೂ ಆಗುವುದಿಲ್ಲ ಅಂತ ಅಲ್ಲ. ಪಾಸಿಟಿವ್ ಬಂದರೆ ಎಷ್ಟು ಬೇಗ ಕೆಡುತ್ತದೆ ಅಂತಲೂ ಅದು ಹೇಳುವುದಿಲ್ಲ, ಅದಕ್ಕೆ ಸ್ಕ್ಯಾನೇ ಬೇಕು. ಮತ್ತೆ ಪೇಪರ್ಸ್ ಅಂದರೆ ವಂಶಾವಳಿ ಅಷ್ಟೇ. ಅಜ್ಜ ಮುತ್ತಜ್ಜನ ಹೆಸರು ಇರುತ್ತದೆ, ಅವರ ಕಿಡ್ನಿ ಹೇಗಿತ್ತು ಅಂತ ಇರುವುದಿಲ್ಲ.

ಕುರ್ಲಾ_ಕುಂದಾಪ್ರ
ಸರ್ಕಾರದ ನಿಯಮ ಏನೂ ಇಲ್ವಾ ಮಾರಾಯ್ರೆ? ಅಂಗಡಿಯಲ್ಲಿ ಕಣ್ಣು ಬಿಡದ ಮರಿಯನ್ನೂ ಮಾರುತ್ತಾರೆ.

ಬೋರಿವಲಿ_ಬೆಕ್ಕಪ್ಪ
2018ರ ಪೆಟ್ ಶಾಪ್ ನಿಯಮ ಇದೆ. ಅಂಗಡಿಗೆ ನೋಂದಣಿ ಬೇಕು, ಎಂಟು ವಾರಕ್ಕಿಂತ ಸಣ್ಣ ಬೆಕ್ಕಿನ ಮರಿ ಮಾರುವ ಹಾಗಿಲ್ಲ. 2017ರ ಬ್ರೀಡಿಂಗ್ ನಿಯಮ ನಾಯಿಗೆ ಮಾತ್ರ. ಬೆಕ್ಕಿನ ಬ್ರೀಡರ್ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತು ಮೊಬೈಲಿನಲ್ಲಿ ವ್ಯಾಪಾರ ಮಾಡುತ್ತಾನೆ. ಹಿಡಿಯುವವರು ಯಾರು?

ಪುತ್ತೂರು_ಟು_ಡೊಂಬಿವಲಿ
ಫ್ಲ್ಯಾಟ್ ಅಂದಾಗ ನೆನಪಾಯಿತು. ನಮ್ಮ ಸೊಸೈಟಿಯಲ್ಲಿ ಬೆಕ್ಕು ಸಾಕಬಾರದು ಅಂತ ನೋಟಿಸ್ ಅಂಟಿಸಿದ್ದಾರೆ. ಹಾಗೆ ಮಾಡಬಹುದಾ?

ಮುಲುಂಡ್_ಮಂಗಳೂರಿಗ
ಪೂರ್ತಿ ನಿಷೇಧ ಮಾಡುವ ಹಾಗಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿಯ ಸೂಚನೆಯೇ ಇದೆ ಅಕ್ಕ. ಅದರ ಪ್ರಿಂಟ್ ಕೊಡಿ. ಇದಕ್ಕೆ ಬೇರೆ ಥ್ರೆಡ್ ಶುರು ಮಾಡಿ, ಇಲ್ಲಿ ಮೀಟು ವಿಷಯ ಕಳೆದುಹೋಗುತ್ತಿದೆ.

ಪುಣೆ_ಧಾರವಾಡದಾಂವ
ಕಳೆದುಹೋಗುವ ಮೊದಲು ಇನ್ನೊಂದು. ಲಿಲ್ಲಿ ಹೂವು ಮನೆಗೆ ತರಬೇಡಿ. ದಾದರ್ ಹೂವಿನ ಮಾರ್ಕೆಟ್ಟಿನಲ್ಲಿ, ಬೊಕೆಗಳಲ್ಲಿ ಬರುವ ದೊಡ್ಡ ಲಿಲ್ಲಿ ಇದೆಯಲ್ಲ, ಅದರ ಎಲೆ, ಪರಾಗ, ಹೂದಾನಿಯ ನೀರು ಎಲ್ಲವೂ ಬೆಕ್ಕಿನ ಕಿಡ್ನಿಗೆ ವಿಷ. ಗಟ್ಟಿಮುಟ್ಟಾದ ಬೆಕ್ಕೇ ಕೆಲವೇ ದಿನದಲ್ಲಿ ಹೋಗುತ್ತದೆ. ಮೀಟುವಿಗಂತೂ ಉಳಿದಿರುವುದೇ ಸ್ವಲ್ಪ. ಹಾಗೇ ಜ್ವರ ಬಂದಿದೆ ಅಂತ ಪ್ಯಾರಾಸಿಟಮಾಲ್ ಕೊಡಬೇಡಿ, ಬೆಕ್ಕಿಗೆ ಚೂರು ಕೊಟ್ಟರೂ ಪ್ರಾಣಕ್ಕೆ ಬರುತ್ತದೆ.

ಪುತ್ತೂರು_ಟು_ಡೊಂಬಿವಲಿ
ಸುಗಂಧರಾಜ? ನಾವು ದೇವರಿಗೆ ದಿನಾ ತರುತ್ತೇವೆ.

ಪುಣೆ_ಧಾರವಾಡದಾಂವ
ಅದು ಲಿಲ್ಲಿ ಜಾತಿ ಅಲ್ಲ ಅಕ್ಕ. ತನ್ನಿ.

ಠಾಣೆ_ಮೀಟುವಿನ_ಅಮ್ಮ
ಎಲ್ಲರಿಗೂ ದೊಡ್ಡ ನಮಸ್ಕಾರ. ಮುಲುಂಡಿನವರಿಗೆ ನಿನ್ನೆ ಫೋನ್ ಮಾಡಿದೆ. ಮೊದಲು ಸಿಟ್ಟಾದರು, "ನಮ್ಮ ಬೆಕ್ಕಿಗೆ ಯಾಕೆ ಕಣ್ಣು ಹಾಕುತ್ತೀರಿ" ಅಂದರು. ರಾತ್ರಿ ಅವರೇ ಫೋನ್ ಮಾಡಿ ಸ್ಕ್ಯಾನ್ ಎಲ್ಲಿ ಮಾಡಿಸಿದಿರಿ ಅಂತ ಕೇಳಿದರು. ಅವರ ಬೆಕ್ಕಿಗೆ ಆಪರೇಶನ್ ಆಗಿಲ್ಲವಂತೆ. ಪಕ್ಕದ ಸೊಸೈಟಿಯವರು ತಮ್ಮ ಹೆಣ್ಣಿಗೆ ಕೇಳಿದ್ದರಂತೆ, ಮುಂದಿನ ತಿಂಗಳು ಮೇಟಿಂಗ್ ಅಂತ ಮಾತಾಗಿತ್ತು. ರಿಪೋರ್ಟ್ ಬರುವವರೆಗೆ ಬೇಡ ಅಂದಿದ್ದಾರೆ.

ಬ್ರೀಡರ್‌ಗೆ ಮೀಟುವಿನ ರಿಪೋರ್ಟ್ ಮತ್ತು ಸ್ಕ್ಯಾನ್ ಫೋಟೊ ಕಳಿಸಿದೆ. ಎರಡು ನೀಲಿ ಟಿಕ್ ಬಂತು, ಉತ್ತರ ಇಲ್ಲ.

ವಾಶಿ_ಕ್ಯಾಟರಿ
ಯಾರು ಅಂತ ಇಲ್ಲಿ ಬರೆಯಬೇಡಿ, ಸುಮ್ನೆ ಕೇಸು ಅಂತ ಬರುತ್ತಾರೆ. ನನಗೆ ಖಾಸಗಿಯಾಗಿ ಆ ಸ್ಟಡ್‌ನ ಫೋಟೊ ಕಳಿಸಿ. ನಾನು ಹೊರಗಿನ ಗಂಡಿಗೂ ಮೇಟಿಂಗ್ ಹಾಕಿಸಿದ್ದೇನೆ, ಅದೇ ಬೆಕ್ಕಾ ಅಂತ ನೋಡಬೇಕು.

ಬೋರಿವಲಿ_ಬೆಕ್ಕಪ್ಪ
ಅದೇ ಆಗಿದ್ದರೆ ಇಲ್ಲಿ ಬಂದು ಹೇಳುತ್ತೀರಾ ಸರ್?

ವಾಶಿ_ಕ್ಯಾಟರಿ
ಆ ಮರಿಗಳನ್ನು ತೆಗೆದುಕೊಂಡ ಮನೆಗಳಿಗೆ ಹೇಳುತ್ತೇನೆ. ನಿಮಗೆ ಯಾಕೆ ಹೇಳಲಿ?

ಬೋರಿವಲಿ_ಬೆಕ್ಕಪ್ಪ
ಸರಿ, ಅಷ್ಟು ಸಾಕು.

ಠಾಣೆ_ಮೀಟುವಿನ_ಅಮ್ಮ
ಫೋಟೊ ಕಳಿಸಿದ್ದೇನೆ ಸರ್. ಇವತ್ತು ಮೀಟುವಿನ ಬಿಪಿ ನೋಡಿದರು, ಸ್ವಲ್ಪ ಜಾಸ್ತಿ ಇದೆ. ಗಾಬರಿಗೂ ಏರಿರಬಹುದು, ಇನ್ನೊಮ್ಮೆ ನೋಡಿಯೇ ಗುಳಿಗೆ ಕೊಡೋಣ ಅಂದರು. ರೀನಲ್ ಫುಡ್ ಕಾಲು ಭಾಗ ಬೆರೆಸಿದರೆ ತಿನ್ನುತ್ತಾಳೆ, ಅರ್ಧ ಬೆರೆಸಿದರೆ ಬಟ್ಟಲಿನ ಸುತ್ತ ಕೆರೆದು ಮುಚ್ಚುವ ನಾಟಕ. ಮುಂದೆ ಬೇಕಾಗಬಹುದು ಅಂತ ಸಲೈನ್ ಹಾಕುವುದನ್ನು ಕಲಿತಿಟ್ಟುಕೊಳ್ಳಬೇಕು ಅಂತಿದ್ದೇನೆ. ಠಾಣೆ, ಕಲ್ಯಾಣ ಕಡೆ ಯಾರಾದರೂ ತೋರಿಸುವವರು ಇದ್ದೀರಾ?

ಡೊಂಬಿವಲಿ_ಡೈರಿ
ನಮ್ಮ ಅಕ್ಕ ಅವರ ಮುದಿ ಬೆಕ್ಕಿಗೆ ದಿನ ಬಿಟ್ಟು ದಿನ ಹಾಕುತ್ತಾರೆ, ಡೊಂಬಿವಲಿ ಪೂರ್ವದಲ್ಲಿ. ಭಾನುವಾರ ಬನ್ನಿ, ನೋಡಿಕೊಂಡು ಹೋಗಬಹುದು. ಮೀಟುವನ್ನು ಕರೆತರಬೇಡಿ, ಅವರ ಬೆಕ್ಕು ಜಗಳಗಂಟಿ. ವಿಳಾಸ ಖಾಸಗಿಯಾಗಿ ಕಳಿಸುತ್ತೇನೆ.